ಸಹಾಯ ಬೇಕು: ಪೋಕ್ಸೊ ಶಿಕ್ಷೆಯ ವಿರುದ್ಧ ಹೈಕೋರ್ಟಿಗೆ ಮೇಲ್ಮನವಿ ಹೋಗಿದೆ, ಮಗುವಿನ ಕಡೆಯವರು ಏನು ಮಾಡಬೇಕು?

ಎಲ್ಲರಿಗೂ ನಮಸ್ಕಾರ. ಹತ್ತಿರದ ಸಂಬಂಧಿಕರ ಮಗುವಿನ ವಿಷಯ. ಹೆಸರು, ಊರು, ಶಾಲೆ ಹೇಳುವಂತಿಲ್ಲ, ಕಾನೂನೂ ಬಿಡುವುದಿಲ್ಲ. ದಯವಿಟ್ಟು ಕಾಮೆಂಟಿನಲ್ಲಿ ಊಹಿಸಲೂ ಹೋಗಬೇಡಿ.

ವಿಶೇಷ ನ್ಯಾಯಾಲಯ ಪೋಕ್ಸೊ (18 ವರ್ಷದೊಳಗಿನ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯ್ದೆ) ಸೆಕ್ಷನ್ 6ರಡಿ 20 ವರ್ಷ ಶಿಕ್ಷೆ ಕೊಟ್ಟಿತ್ತು. ಅಂತೂ ಮುಗೀತಪ್ಪಾ ಅಂದುಕೊಂಡೆವು. ಈಗ ಅಪರಾಧಿ ಹೈಕೋರ್ಟಿನ ಧಾರವಾಡ ಪೀಠಕ್ಕೆ ಮೇಲ್ಮನವಿ ಹಾಕಿದ್ದಾನೆ, ಜೊತೆಗೆ ಶಿಕ್ಷೆ ಅಮಾನತಿನಲ್ಲಿಟ್ಟು ಜಾಮೀನು ಕೊಡಿ ಅಂತ ಅರ್ಜಿ. ನೋಟಿಸ್ ಬಂದ ದಿನ ಮಗು ಊಟವನ್ನೇ ಮಾಡಲಿಲ್ಲ.

ಅಪರಾಧಿ ಕಡೆಯವರ ವಾದ: ದೂರು ತಡವಾಗಿದೆ, ಮಗುವಿನ ಮಾತೊಂದೇ ಸಾಕ್ಷಿ, ವಯಸ್ಸು ಸಾಬೀತಾಗಿಲ್ಲ. ನಂಬಲರ್ಹವಾಗಿದ್ದರೆ ಸಂತ್ರಸ್ತರ ಸಾಕ್ಷ್ಯವೊಂದೇ ಸಾಕು ಅಂತ ಸುಪ್ರೀಂ ಕೋರ್ಟ್ ಎಷ್ಟೋ ಬಾರಿ ಹೇಳಿದೆ, ಅದಕ್ಕೆ ಹೆದರಿಲ್ಲ. ಹೆದರಿಕೆ ವಯಸ್ಸಿನದ್ದು. ವಿಚಾರಣೆಯಲ್ಲಿ ಶಾಲೆಯ ದಾಖಲಾತಿ ಪ್ರತಿ ಮಾತ್ರ ಹಾಜರಾಗಿತ್ತು. ಜನನ ಪ್ರಮಾಣಪತ್ರ ಕೈಗೆ ಸಿಕ್ಕಿದ್ದು ಮೊನ್ನೆ. ಮೇಲ್ಮನವಿ ಹಂತದಲ್ಲಿ ಅದನ್ನು ಹೆಚ್ಚುವರಿ ಸಾಕ್ಷ್ಯವಾಗಿ ಕೊಡಿಸಬಹುದೇ? ಸರ್ಕಾರಿ ವಕೀಲರೇ ಅರ್ಜಿ ಹಾಕಬೇಕೇ?

ಲಖೀಂಪುರ ಖೇರಿಯಲ್ಲಿ ರೈತರ ಮೇಲೆ ವಾಹನ ಹರಿಸಿದ ಪ್ರಕರಣದ ಜಾಮೀನು ವಿಚಾರದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್, ಸಂತ್ರಸ್ತರಿಗೆ ಪ್ರತಿ ಹಂತದಲ್ಲೂ ಮಾತಾಡುವ ಹಕ್ಕಿದೆ ಅಂದಿತ್ತು. ಪೋಕ್ಸೊ ಸೆಕ್ಷನ್ 40 ಕೂಡ ನಮ್ಮದೇ ವಕೀಲರನ್ನು ಇಟ್ಟುಕೊಳ್ಳಲು ಬಿಡುತ್ತದೆ. ದುಡ್ಡಿನದೇ ತೊಂದರೆ. ಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಇದೆಯಂತೆ, ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಲಿದ್ದೇವೆ. ಧಾರವಾಡ ಪೀಠದಲ್ಲಿ ಈ ರೀತಿ ನೆರವು ಪಡೆದವರು ಇದ್ದೀರಾ? ಯಾವ ಕಾಗದಪತ್ರ ಕೇಳಿದರು?

ಇನ್ನೊಂದು, ತಾಯಿ ದಿನಾ ಕೇಳುವ ಪ್ರಶ್ನೆ: ಮಗುವನ್ನು ಮತ್ತೆ ಕಟಕಟೆಗೆ ಕರೆಯುತ್ತಾರಾ? ಸಾಮಾನ್ಯವಾಗಿ ದಾಖಲೆ ಓದಿಯೇ ತೀರ್ಮಾನಿಸುತ್ತಾರೆ ಅಂತ ಸಮಾಧಾನ ಹೇಳಿದ್ದೇನೆ. ವಕೀಲರು ಯಾರಾದರೂ ಖಚಿತಪಡಿಸಿ. ಜಾಮೀನು ಅರ್ಜಿ ಮುಂದಿನ ವಾರ ಬರುತ್ತದೆ.