ಅಪ್‌ಡೇಟ್: ಮಾತು ಕಡಿಮೆ ಇರುವ ಮಗುವಿಗೆ ಆಟದ ಜೊತೆಗಾರರು

ಜಯನಗರದ ಪ್ರೀಸ್ಕೂಲಲ್ಲಿ ಆಟಿಸಂ ಇರುವ, ಎರಡು-ಮೂರು ಪದ ಮಾತ್ರ ಆಡುವ 4 ವರ್ಷದ ಮಗುವಿನ ಜೊತೆ ಉಳಿದ ಮಕ್ಕಳನ್ನು ಬೆರೆಸೋದು ಹೇಗೆ ಅಂತ ಕೇಳಿದ್ದೆ. ನೀವು ಹೇಳಿದ ‘ಜೊತೆಗಿರು, ಆಡು, ಮಾತಾಡು’ ಕ್ರಮ ಈಗ ನಡೀತಿದೆ: ಮಗುವಿನ ಹತ್ತಿರವೇ ಇದ್ದು, ಜೊತೆಗೆ ಆಡಿ, ಮಾತಾಡಿಸೋದನ್ನ ಉಳಿದ ಮಕ್ಕಳಿಗೆ ಕಲಿಸೋದು.

ಜೊತೆಗಾರರು ಮೂವರು ಮಕ್ಕಳು, ಸರದಿ ಪ್ರಕಾರ. ಒಬ್ಬರನ್ನೇ ಹಚ್ಚಿದರೆ ಬೇಜಾರಾಗಿ ಬಿಟ್ಟುಬಿಡ್ತಾರೆ, ಇಲ್ಲಾ ಪುಟ್ಟ ಮಿಸ್ ಆಗಿಬಿಡ್ತಾರೆ! ದಿನಕ್ಕೆ 10 ನಿಮಿಷ ಸಾಕು. ಸೋಪಿನ ಗುಳ್ಳೆ ಬಾಟಲಿ ಜೊತೆಗಾರರ ಕೈಲಿರಬೇಕು, ಆಗಲೇ ಕೇಳುವ ಸಂದರ್ಭ ಬರೋದು. ಮಗು ‘ಇನ್ನೂ ಬೇಕು’ ಕಾರ್ಡ್ ಕೊಟ್ಟ ತಕ್ಷಣ ಊದಬೇಕು. ‘ಬಾಯಿಬಿಟ್ಟು ಹೇಳು’ ಅಂತ ತಡೆದರೆ ಕಾರ್ಡ್ ಕೊಡೋದನ್ನೇ ಮಗು ನಿಲ್ಲಿಸುತ್ತೆ. ಕಾರ್ಡ್ ಬಳಸಿದರೆ ಮಾತು ನಿಂತುಹೋಗುತ್ತೆ ಅನ್ನೋ ಅಜ್ಜಿಯರ ಭಯಕ್ಕೆ ಆಧಾರವಿಲ್ಲ.

ನಿಜವಾದ ಕಷ್ಟ ಕಾಯೋದು. ಮಗು ಕೈ ಚಾಚೋ ಮೊದಲೇ ಊದಿಬಿಡ್ತಾರೆ. ಅದಕ್ಕೇ ಮಿಸ್ ಮೊದಲು ಜೊತೆಗಾರರ ಎದುರು ಆಡಿ ತೋರಿಸಬೇಕು: ಬಾಟಲಿ ಮುಖದ ಹತ್ತಿರ ಹಿಡಿದು, ಬೆರಳು ಮಡಚುತ್ತಾ ಐದರವರೆಗೆ ಎಣಿಸಿ, ಸುಮ್ಮನೆ ನೋಡೋದು. ಆಮೇಲೆ ಮಿಸ್ ಮಗುವಿನ ಬೆನ್ನ ಹಿಂದೆ ಕೂರಲಿ. ನಡುವೆ ಕೂತರೆ ಎಲ್ಲರೂ ಮಿಸ್ ಕಡೆಗೇ ತಿರುಗ್ತಾರೆ.

‘ಬೇಡ’ ಕಾರ್ಡೂ ಕೈಗೆ ಸಿಗೋ ಹಾಗಿರಲಿ. ಅದನ್ನು ತೋರಿಸಿದರೆ ಆಟ ಅಲ್ಲಿಗೇ ನಿಲ್ಲಬೇಕು.