ಸಹಾಯ ಬೇಕು: 16 ವರ್ಷದವಳು ಕಾನೂನು ಪ್ರಕಾರ ಓಡಿಸಬಹುದಾದ ಗಾಡಿ, ತೀರ್ಥಹಳ್ಳಿ ಕಡೆ

ಎಲ್ಲರಿಗೂ ನಮಸ್ಕಾರ. ಪೇಟೆಯಿಂದ ಏಳು ಕಿಲೋಮೀಟರ್ ದೂರದ ಹಳ್ಳಿಯಿಂದ ಪಿಯುಸಿಗೆ ಹೋಗುವ ಮಗಳಿಗೆ ಗಾಡಿ ನೋಡುತ್ತಿದ್ದೇವೆ. 16ಕ್ಕೆ ಲೈಸೆನ್ಸ್ ಸಿಗುವುದು ಗೇರಿಲ್ಲದ, 50 ಸಿಸಿ ಮೀರದ ಗಾಡಿಗೆ ಮಾತ್ರ, ಅದೂ ಪೋಷಕರ ಒಪ್ಪಿಗೆ ಸಹಿಯೊಂದಿಗೆ. "ಎಲ್‌ಎಲ್‌ಆರ್ ಇದೆಯಲ್ಲ, ಮನೆಯ 110 ಸಿಸಿ ಸ್ಕೂಟರೇ ಓಡಿಸಲಿ" ಅನ್ನುವವರು ದಯವಿಟ್ಟು ಗಮನಿಸಿ: 50 ಸಿಸಿಯ ಎಲ್‌ಎಲ್‌ಆರ್ ಅದಕ್ಕೆ ನಡೆಯುವುದಿಲ್ಲ. ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 199ಎ ಕಲಂ ಪ್ರಕಾರ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ನೋಂದಣಿ 12 ತಿಂಗಳು ರದ್ದು. ಮಗುವಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ, ಇದೇ ದೊಡ್ಡ ಪೆಟ್ಟು.

ಮೊಪೆಡ್ ಅಂದಮಾತ್ರಕ್ಕೆ ಆಗದು. ಟಿವಿಎಸ್ ಎಕ್ಸ್‌ಎಲ್ 100 ಕೂಡ 99.7 ಸಿಸಿ. ಆರ್‌ಸಿ ಚಾಲ್ತಿಯಲ್ಲಿರುವ 50 ಸಿಸಿ ಒಳಗಿನ ಹಳೇ ಗಾಡಿ ಯಾರಲ್ಲಾದರೂ ಇದ್ದರೆ, ಆರ್‌ಸಿಯಲ್ಲಿ ಸಿಸಿ ಬರೆದಿರುವ ಜಾಗದ ಫೋಟೋ ಹಾಕಿ.

ಇನ್ನೊಂದು ದಾರಿ ಬ್ಯಾಟರಿ ಗಾಡಿ. ಮೋಟಾರ್ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ. ಒಳಗಿದ್ದರೆ ಲೈಸೆನ್ಸೇ ಬೇಡ. ವೇಗದ ಲಾಕ್ ತೆಗೆಸಿದರೆ ಆ ರಿಯಾಯಿತಿ ಹೋಯಿತು. ಆದರೆ ನಮ್ಮ ದಾರಿಯಲ್ಲಿ ಎರಡು ಕಡಿದಾದ ಏರು, ಮಳೆಗಾಲದಲ್ಲಿ ಪಾಚಿ ಕಟ್ಟುವ ಕಾಂಕ್ರೀಟ್ ರಸ್ತೆ. ಮಲೆನಾಡಿನ ಏರಿನಲ್ಲಿ ಇಂಥ ಗಾಡಿ ಓಡಿಸಿದವರು ತಿಳಿಸಿ: ಒಂದು ಚಾರ್ಜಿಗೆ ಎಷ್ಟು ದೂರ ಬರುತ್ತದೆ? ಏರಿನಲ್ಲಿ ಇಳಿದು ತಳ್ಳಬೇಕಾಗುತ್ತದೆಯೇ?