ಓಟದ ಸರಾಸರಿ ವೇಗ ಲೆಕ್ಕ ಹಾಕೋದು ಹೇಗೆ? ಅನುಭವ ಇದ್ದವರು ಹೇಳಿ

ಓಡೋಕೆ ಶುರು ಮಾಡಿ ಸ್ವಲ್ಪ ದಿನ ಆಯ್ತು. ಇವತ್ತು 5 ಕಿ.ಮೀ.ಗೆ 32 ನಿಮಿಷ 30 ಸೆಕೆಂಡ್ ಹಿಡೀತು. ಆ್ಯಪ್ ಪೇಸ್ (ಒಂದು ಕಿ.ಮೀ.ಗೆ ಹಿಡಿಯೋ ಸಮಯ) 6:30 ಅನ್ನುತ್ತೆ, ಟ್ರೆಡ್‌ಮಿಲ್ ಮಾತ್ರ ಗಂಟೆಗೆ ಇಷ್ಟು ಕಿ.ಮೀ. ಅಂತ ತೋರಿಸುತ್ತೆ. ಎರಡನ್ನೂ ಹೊಂದಿಸೋದು ಹೇಗೆ? ಯಾವುದನ್ನ ನಂಬಲಿ?

ಉತ್ತರ 1
ಎರಡೂ ಒಂದೇ ಲೆಕ್ಕ. ಸಮಯವನ್ನ ದೂರದಿಂದ ಭಾಗಿಸಿದ್ರೆ ಪೇಸ್, ದೂರವನ್ನ ಸಮಯದಿಂದ ಭಾಗಿಸಿದ್ರೆ ವೇಗ. ಮೊದಲು ಎಲ್ಲಾ ಸೆಕೆಂಡಿಗೆ ಇಳಿಸಿಕೊಳ್ಳಿ. ನಿಮ್ಮದು 1,950 ಸೆಕೆಂಡ್; 5ರಿಂದ ಭಾಗಿಸಿದ್ರೆ 390, ಅಂದ್ರೆ ಕಿ.ಮೀ.ಗೆ ಆರೂವರೆ ನಿಮಿಷ. ಗಂಟೆಯ 3,600 ಸೆಕೆಂಡನ್ನ 390ರಿಂದ ಭಾಗಿಸಿ, ಗಂಟೆಗೆ ಸುಮಾರು 9.2 ಕಿ.ಮೀ. ಬರುತ್ತೆ. ಟ್ರೆಡ್‌ಮಿಲ್‌ನಲ್ಲಿ ಅದನ್ನೇ ಇಟ್ಟುಕೊಳ್ಳಿ. ಕ್ಯಾಲ್ಕುಲೇಟರ್‌ನಲ್ಲಿ ಮಾತ್ರ 60ನ್ನ 6.30ರಿಂದ ಭಾಗಿಸಬೇಡಿ. ಅರ್ಧ ನಿಮಿಷ ಅಂದ್ರೆ 6.5. ಇಲ್ಲದಿದ್ರೆ 9.5 ಅಂತ ಇಲ್ಲದ ವೇಗ ತೋರಿಸುತ್ತೆ.

ಉತ್ತರ 2
ಮೇಲಿನವರು ಹೇಳಿದ್ದು ಸರಿ. ಇನ್ನೊಂದು ಸೇರಿಸ್ತೀನಿ: ಸರಾಸರಿಗಳ ಸರಾಸರಿ ತೆಗೀಬೇಡಿ. ಹೋಗುವಾಗ 3 ಕಿ.ಮೀ. ಗಂಟೆಗೆ 12ರ ವೇಗದಲ್ಲಿ, ಬರುವಾಗ 8ರ ವೇಗದಲ್ಲಿ ಓಡಿದ್ರಿ ಅನ್ನಿ. 10 ಅನ್ನಿಸುತ್ತೆ ಅಲ್ವಾ? ಆದ್ರೆ ಹೋಗೋಕೆ 15 ನಿಮಿಷ, ಬರೋಕೆ 22 ನಿಮಿಷ 30 ಸೆಕೆಂಡ್. ಒಟ್ಟು 6 ಕಿ.ಮೀ.ಗೆ ಮೂವತ್ತೇಳೂವರೆ ನಿಮಿಷ, ಸರಾಸರಿ 9.6. ನಿಧಾನ ಓಡಿದಾಗ ಸಮಯ ಜಾಸ್ತಿ ಹೋಗುತ್ತೆ, ಹಾಗಾಗಿ ಅದರದ್ದೇ ಕೈ ಮೇಲು. ಯಾವಾಗಲೂ ಒಟ್ಟು ದೂರ, ಒಟ್ಟು ಸಮಯ.

ಉತ್ತರ 3
ನೀರು ಕುಡಿಯೋಕೆ ನಿಂತಾಗ ನಿಮ್ಮ ಆ್ಯಪ್ ತಾನೇ ಗಡಿಯಾರ ನಿಲ್ಲಿಸುತ್ತಾ ನೋಡಿ. ರೇಸ್‌ನಲ್ಲಿ ಯಾರೂ ನಿಲ್ಲಿಸಲ್ಲ. ಜಿಪಿಎಸ್ ಮೇಲೆ ಅನುಮಾನ ಇದ್ರೆ ಟ್ರ್ಯಾಕ್‌ಗೆ ಹೋಗಿ. ಒಳಗಿನ ಲೇನ್ ಒಂದು ಸುತ್ತು 400 ಮೀಟರ್. ಎರಡನೇ ಲೇನ್‌ನಲ್ಲಿ ಪೂರ್ತಿ ಸುತ್ತು ಹಾಕಿದ್ರೆ ಸುಮಾರು 7 ಮೀಟರ್ ಜಾಸ್ತಿ.

ಉತ್ತರ 4
ಲೆಕ್ಕ ಗೊತ್ತಾಯ್ತಲ್ಲ, ಈಗ ಅದರೊಳಗೆ ಏನಿದೆ ನೋಡಿ. ಉಸೇನ್ ಬೋಲ್ಟ್ 2009ರಲ್ಲಿ 100 ಮೀಟರನ್ನ 9.58 ಸೆಕೆಂಡಲ್ಲಿ ಓಡಿದಾಗ ಸರಾಸರಿ ಗಂಟೆಗೆ 37.6 ಕಿ.ಮೀ. ಮಧ್ಯದಲ್ಲಿ ಮುಟ್ಟಿದ್ದು ಸುಮಾರು 44. ನಿಂತಲ್ಲಿಂದ ವೇಗ ಹಿಡಿಯೋ ಹೊತ್ತು ಸರಾಸರಿಯನ್ನ ಕೆಳಗೆ ಎಳೆದುಬಿಡುತ್ತೆ. ನಿಮ್ಮದರಲ್ಲೂ ಅಷ್ಟೇ. 5:45, 6:10, 6:30, 6:45, 7:20 ಹೀಗೆ ಓಡಿದ್ರೂ ಸರಾಸರಿ 6:30, ಐದು ಕಿ.ಮೀ.ನೂ 6:30ಕ್ಕೆ ಓಡಿದ್ರೂ 6:30. ಮೊದಲನೇ ಥರ ಓಡಿದವರು ಶುರುವಿನಲ್ಲೇ ಶಕ್ತಿ ಖಾಲಿ ಮಾಡಿಕೊಂಡಿದ್ದಾರೆ. ನನಗಂತೂ ಎರಡನೆಯದೇ ಒಳ್ಳೆ ಓಟ. ಹೋಲಿಸೋದಾದ್ರೆ ಅದೇ ದಾರಿ, ಅದೇ ದೂರದ ನಿಮ್ಮ ಹಳೇ ಓಟದ ಜೊತೆ ಹೋಲಿಸಿ. ಏರು, ಬಿಸಿಲು ಇದ್ದ ದಿನ ಪೇಸ್ ನಿಧಾನ ಆದ್ರೆ ಬೇಜಾರಾಗಬೇಡಿ. ಪ್ರತಿ ಕಿ.ಮೀ. ಸಮಯ ಆ್ಯಪ್‌ನಲ್ಲಿ ಸಿಗುತ್ತೆ, ಇವತ್ತಿಂದು ಇಲ್ಲಿ ಹಾಕಿ, ನೋಡೋಣ.